ಮೀನಿನ ಮೈಯಲ್ಲಿ ನದಿಯನ್ನು ಓದಿದ ಹೋರಾ

ಬೆಂಗಳೂರಿನಿಂದ 1932ರಲ್ಲಿ ಪ್ರಕಟಣೆ ಆರಂಭಿಸಿದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಎರಡು ಪುಟ್ಟ ಟಿಪ್ಪಣಿಗಳಿವೆ. ಒಂದು 1940ರದು, ಅದರ ವಿಷಯ ಅಣೆಕಟ್ಟುಗಳು ಮತ್ತು ವಲಸೆ ಮೀನುಗಳ ಸಮಸ್ಯೆ. ಇನ್ನೊಂದು 1942ರದು, ಭಾರತದ ನದಿಗಳಲ್ಲಿ ಹಿಲ್ಸಾ ಮೀನಿನ ವಲಸೆಯ ಮೇಲೆ ಅಣೆಕಟ್ಟುಗಳು ಉಂಟುಮಾಡುವ ಪರಿಣಾಮವನ್ನು ಕುರಿತದ್ದು. ಎರಡನ್ನೂ ಬರೆದವರು ಡಾ. ಸುಂದರ್ ಲಾಲ್ ಹೋರಾ. ಆ ವೇಳೆಗೆ ತುಂಗಭದ್ರಾ, ಹಿರಾಕುಡ್, ಭಾಕ್ರಾ ಯಾವುವೂ ಎದ್ದು ನಿಂತಿರಲಿಲ್ಲ. ಗಂಗೆಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಲು ಇನ್ನೂ 33 ವರ್ಷಗಳಿದ್ದವು. ನಮ್ಮ ದೇಶದಲ್ಲಿ ದೊಡ್ಡ ಯೋಜನೆಗಳ ದುಷ್ಪರಿಣಾಮ ‘ಮೊದಲು ಯಾರಿಗೂ ತಿಳಿದಿರಲಿಲ್ಲ’ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ನದಿ ಮೀನುಗಳ ಮಟ್ಟಿಗೆ ಈ ಸಮಜಾಯಿಷಿ ನಿಲ್ಲುವುದಿಲ್ಲ. ತಿಳಿದವರಿದ್ದರು, ಬರೆದಿದ್ದರು, ಬರೆದದ್ದು ಅಚ್ಚಾಗಿತ್ತು. ಅಷ್ಟೇ ಅಲ್ಲ, ಬರೆದವರು ಸರ್ಕಾರದ ಹೊರಗಿದ್ದು ಆಕ್ಷೇಪಿಸುವ ಚಳವಳಿಗಾರರೂ ಆಗಿರಲಿಲ್ಲ. ಸರ್ಕಾರದ ಸಂಬಳ ಪಡೆಯುವ ವಿಜ್ಞಾನಿಯಾಗಿದ್ದರು.

ಹೋರಾ ಅವರ ಹೆಸರು ಇಂದು ಮತ್ಸ್ಯಶಾಸ್ತ್ರದ ವಿದ್ಯಾರ್ಥಿಗಳ ಆಚೆಗೆ ಹೆಚ್ಚು ಮಂದಿಗೆ ಗೊತ್ತಿಲ್ಲ. ಅವರು ಹುಟ್ಟಿದ್ದು 1896ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಹಫೀಜಾಬಾದಿನಲ್ಲಿ. ಲಾಹೋರಿನಲ್ಲಿ ಓದುತ್ತಿದ್ದಾಗ, 1919ರಲ್ಲಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ನೆಲ್ಸನ್ ಅನಂಡೇಲ್ ಅವರ ಕಾಲೇಜಿಗೆ ಬಂದಿದ್ದರು. ಸಂಸ್ಥೆ ಸ್ಥಾಪನೆಯಾಗಿ ಆಗ ಮೂರೇ ವರ್ಷಗಳಾಗಿದ್ದವು. ಆ ಭೇಟಿಯ ಫಲವಾಗಿ ತರುಣ ಹೋರಾ ಕಲ್ಕತ್ತೆಗೆ ಬಂದರು. 1921ರಲ್ಲಿ ಮೀನು ಮತ್ತು ಸರೀಸೃಪಗಳ ವಿಭಾಗದ ಹೊಣೆ ಹೊತ್ತರು. ಅಷ್ಟರಲ್ಲಾಗಲೇ ಅವರು ಮಣಿಪುರಕ್ಕೆ ಹೋಗಿ ಬಂದಾಗಿತ್ತು. ಮಣಿಪುರದ ಮೀನುಗಳು ಹಾಗೂ ಅಲ್ಲಿನ ಮೀನುಗಾರಿಕೆಯನ್ನು ಕುರಿತ ಅವರ ದೀರ್ಘ ಪ್ರಬಂಧ 1921ರಲ್ಲಿ ಹೊರಬಂತು. ಅದರ ಶೀರ್ಷಿಕೆಯಲ್ಲಿಯೇ ‘ಮೀನು’ ಮತ್ತು ‘ಮೀನುಗಾರಿಕೆ’ ಎಂಬೆರಡು ಪದಗಳು ಜೊತೆಯಾಗಿರುವುದು ಗಮನಾರ್ಹ. ಜೀವಿಯನ್ನು ಅಳೆದು ಹೆಸರಿಡುವುದು ಒಂದು ಕೆಲಸ, ಅದನ್ನು ಹಿಡಿದು ಬದುಕುವ ಜನರ ಬಲೆ-ಬುಟ್ಟಿಗಳನ್ನು ನೋಡುವುದು ಇನ್ನೊಂದು ಕೆಲಸ ಎಂಬ ಭೇದ ಈ ವಿಜ್ಞಾನಿಯಲ್ಲಿ ಆರಂಭದಿಂದಲೂ ಇರಲಿಲ್ಲ.

ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದದ್ದು ಬೆಟ್ಟದ ತೊರೆಗಳ ಮೀನುಗಳು. ಗುಡ್ಡದ ಇಳಿಜಾರಿನಲ್ಲಿ ಬಂಡೆಗಳ ನಡುವೆ ನೊರೆಯೆಬ್ಬಿಸುತ್ತ ಧುಮುಕುವ ನೀರಿನಲ್ಲಿ ಬೆರಳುದ್ದದ ಮೀನೊಂದು ಕೊಚ್ಚಿಹೋಗದೆ ಹೇಗೆ ನಿಲ್ಲುತ್ತದೆ? ನೋಡಲು ಬಾಲಿಶವೆನಿಸುವ ಈ ಪ್ರಶ್ನೆಗೆ ಹೋರಾ ಸುಮಾರು ಹತ್ತು ವರ್ಷಗಳನ್ನು ಕೊಟ್ಟರು. ಅಂತಹ ಮೀನುಗಳ ದೇಹ ತಳಭಾಗದಲ್ಲಿ ಚಪ್ಪಟೆಯಾಗಿರುತ್ತದೆ, ಎದೆಯ ಮತ್ತು ಹೊಟ್ಟೆಯ ಭಾಗದ ಈಜುರೆಕ್ಕೆಗಳು ಬೀಸಣಿಗೆಯಂತೆ ಅಗಲವಾಗಿ ಪಕ್ಕಕ್ಕೆ ಚಾಚಿಕೊಂಡಿರುತ್ತವೆ, ಬಾಯಿ ಕೆಳಮುಖವಾಗಿರುತ್ತದೆ. ಕೆಲವು ಜಾತಿಗಳಲ್ಲಿ ಬಾಯಿಯ ಹಿಂದೆ ಬಿಲ್ಲೆಯಂತಹ ಅಂಟುಭಾಗವಿದ್ದರೆ, ಇನ್ನು ಕೆಲವದರಲ್ಲಿ ಎದೆಯ ಚರ್ಮವೇ ಸಾಲು ಸಾಲಾಗಿ ಮಡಿಕೆಗಟ್ಟಿ ಬಂಡೆಯನ್ನು ಹಿಡಿದುಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಹೀರಿಕೆಯಿಂದ ಕೆಲಸ ಮಾಡುತ್ತದೆ, ಯಾವುದು ಕೇವಲ ಒರಟುತನದ ಘರ್ಷಣೆಯಿಂದ ಎಂಬುದನ್ನು ಅವರು ಬಿಡಿಸಿ ನೋಡಿದರು. ಮೀನಷ್ಟೇ ಅಲ್ಲದೆ, ಅದೇ ಸೆಳವಿನಲ್ಲಿ ಬದುಕುವ ಕೀಟಗಳ ಮರಿಗಳನ್ನೂ ಗೊದಮೊಟ್ಟೆಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. ಸೆಳವಿನ ಜೀವಿಗಳ ಪರಿಸರ, ಬದುಕು ಹಾಗೂ ವಿಕಾಸವನ್ನು ಕುರಿತ ನೂರಕ್ಕೂ ಹೆಚ್ಚು ಪುಟಗಳ ಅವರ ಪ್ರಬಂಧವನ್ನು 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ‘ಫಿಲಾಸಫಿಕಲ್ ಟ್ರಾನ್ಸ್ಯಾಕ್ಷನ್ಸ್’ನಲ್ಲಿ ಪ್ರಕಟಿಸಿತು.

ಈ ಅಧ್ಯಯನದ ತಾತ್ಪರ್ಯವನ್ನು ಆಡಳಿತದ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಮೀನಿಗೆ ಬೇಕಾದದ್ದು ‘ನೀರು’ ಎಂಬ ಒಂದು ಸರಕಲ್ಲ. ಅದಕ್ಕೆ ಬೇಕಾದದ್ದು ಇಂತಿಷ್ಟು ವೇಗದ, ಇಂತಿಷ್ಟು ತಂಪಿನ, ಇಂತಹ ಕಲ್ಲಿನ ಮೇಲೆ ಹರಿಯುವ ನೀರು. ಸೆಳವಿಗೆಂದು ರೂಪುಗೊಂಡ ಮೈಗೆ ಸೆಳವನ್ನು ಕಳೆದು ನಿಂತ ನೀರು ಕೊಟ್ಟರೆ ಅದು ಉಪಕಾರವಲ್ಲ. ನಮ್ಮ ನೀರಾವರಿ ಲೆಕ್ಕಾಚಾರಗಳು ನೀರನ್ನು ಟಿಎಂಸಿಯಲ್ಲಿ ಅಳೆಯುತ್ತವೆ. ಆ ಅಳತೆಯಲ್ಲಿ ವೇಗಕ್ಕೂ ತಂಪಿಗೂ ಋತುವಿಗೂ ಜಾಗವಿಲ್ಲ.

ಹೋರಾ ಅವರು ದಕ್ಷಿಣದ ತೊರೆಗಳಿಗೂ ಅಪರಿಚಿತರೇನಲ್ಲ. ಕಾವೇರಿಯ ಉಪನದಿ ಭವಾನಿಯ ಹೆಸರಿನಲ್ಲಿ 1920ರಲ್ಲಿ ಅವರು ‘ಭವಾನಿಯಾ’ ಎಂಬ ಮೀನಿನ ಕುಲವೊಂದನ್ನು ಸ್ಥಾಪಿಸಿದರು. ಆ ಹೆಸರು ಇಂದಿಗೂ ಊರ್ಜಿತದಲ್ಲಿದೆ. ಪಶ್ಚಿಮ ಘಟ್ಟದ ಇಂತಹ ಮೀನುಗಳನ್ನು ಕೈಯಲ್ಲಿ ಹಿಡಿದಾಗಲೇ ಅವರ ಮನಸ್ಸಿನಲ್ಲಿ ಮತ್ತೊಂದು ಪ್ರಶ್ನೆ ಬೆಳೆಯಿತು. ಪೂರ್ವ ಹಿಮಾಲಯ, ಅಸ್ಸಾಂ, ಮಲಯ ಪ್ರದೇಶಗಳ ತೊರೆಗಳಲ್ಲಿರುವ ಮೀನುಗಳ ಹತ್ತಿರದ ಬಂಧುಗಳು ಪಶ್ಚಿಮ ಘಟ್ಟದಲ್ಲಿವೆ. ಆದರೆ ನಡುವಣ ವಿಶಾಲ ಬಯಲಿನಲ್ಲಿ ಇಲ್ಲ. ಬಯಲು ನದಿಯಲ್ಲಿ ಬದುಕಲಾರದ ಮೀನು ಸಾವಿರಾರು ಮೈಲಿ ದಾಟಿ ಬಂದದ್ದು ಹೇಗೆ? ಭೂಚರಿತ್ರೆಯ ತಂಪು ಹಾಗೂ ಆರ್ದ್ರ ಯುಗವೊಂದರಲ್ಲಿ ವಿಂಧ್ಯ-ಸಾತ್ಪುರ ಶ್ರೇಣಿಯೇ ಸೇತುವೆಯಾಗಿ, ತೊರೆಯಿಂದ ತೊರೆಗೆ ಈ ಮೀನುಗಳು ಪಶ್ಚಿಮಕ್ಕೆ ಸಾಗಿ, ಅಲ್ಲಿಂದ ಘಟ್ಟದ ಗುಂಟ ದಕ್ಷಿಣಕ್ಕೆ ಇಳಿದವು ಎಂದು ಹೋರಾ ವಾದಿಸಿದರು. ‘ಸಾತ್ಪುರ ಸಿದ್ಧಾಂತ’ವೆಂದು ಹೆಸರಾದ ಈ ವಾದದ ಬಗ್ಗೆ 1949ರಲ್ಲಿ ವಿಚಾರಗೋಷ್ಠಿಯೇ ನಡೆಯಿತು. ಮೈಸೂರು ಸೀಮೆಯ ಮೀನುಗಳನ್ನು ಅಭ್ಯಸಿಸಿದ್ದ ಬಿ.ಎಸ್. ಭೀಮಾಚಾರ್ ಅವರು ತೊರೆಮೀನುಗಳ ಹಂಚಿಕೆಯನ್ನೇ ಆಧಾರವಾಗಿಟ್ಟುಕೊಂಡು ಪಶ್ಚಿಮ ಘಟ್ಟವನ್ನು ಮೂರು ಪ್ರಾಣಿಭೌಗೋಳಿಕ ವಿಭಾಗಗಳಾಗಿ ಗುರುತಿಸಿದ ಲೇಖನವೂ 1945ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿಯೇ ಬಂದಿತ್ತು.

ಸಾತ್ಪುರ ಸಿದ್ಧಾಂತ ಕಾಲದ ಪರೀಕ್ಷೆಯಲ್ಲಿ ಪೂರ್ತಿ ಗೆದ್ದಿತೆಂದು ಹೇಳಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಅವರು 2003ರಲ್ಲಿ ಇಂತಹ ಸಿದ್ಧಾಂತಗಳನ್ನು ವಂಶವೃಕ್ಷದ ವಿಧಾನದಿಂದ ಒರೆಗೆ ಹಚ್ಚುವ ಬಗೆಯನ್ನು ವಿವರಿಸಿದರು. ನೋಡಲು ಒಂದೇ ತೆರನಾದ ಜೀವಿಗಳೆಲ್ಲ ಒಂದೇ ವಂಶದವಾಗಿರಬೇಕಿಲ್ಲ, ಒಂದೇ ಬಗೆಯ ಪರಿಸರ ಬೇರೆ ಬೇರೆ ವಂಶಗಳಿಗೆ ಒಂದೇ ರೂಪ ಕೊಡಬಲ್ಲದು ಎಂಬುದು ಈಗ ಚೆನ್ನಾಗಿ ತಿಳಿದಿದೆ. ಸೋಜಿಗವೆಂದರೆ, ಸೆಳವು ಮೈಯನ್ನು ಹೇಗೆ ತಿದ್ದುತ್ತದೆ ಎಂದು ಜಗತ್ತಿಗೆ ತೋರಿಸಿದವರು ಹೋರಾ ಅವರೇ. ಅವರ ಮೊದಲ ಸಂಶೋಧನೆಯಲ್ಲಿಯೇ ಅವರ ಎರಡನೆಯ ಸಿದ್ಧಾಂತಕ್ಕೆ ಪ್ರತಿವಾದ ಅಡಗಿತ್ತು. ಒಬ್ಬ ವಿಜ್ಞಾನಿಯ ಊಹೆ ಅರ್ಧ ಶತಮಾನದ ನಂತರವೂ ಪರೀಕ್ಷೆಗೆ ಯೋಗ್ಯವೆನಿಸುವುದು ಸಾಮಾನ್ಯ ಸಾಧನೆಯೇನಲ್ಲ.

ಯುದ್ಧದ ವರ್ಷಗಳು ಹೋರಾ ಅವರನ್ನು ವಸ್ತುಸಂಗ್ರಹಾಲಯದಿಂದ ಆಡಳಿತಕ್ಕೆ ಎಳೆದು ತಂದವು. ಜಪಾನೀಯರ ದಾಳಿಯ ಭಯದಿಂದ 1942ರಲ್ಲಿ ಸರ್ವೇಕ್ಷಣಾ ಸಂಸ್ಥೆಯನ್ನು ಕಲ್ಕತ್ತೆಯಿಂದ ವಾರಾಣಸಿಗೆ ಸ್ಥಳಾಂತರಿಸಲಾಯಿತು. ಮರುವರ್ಷ ವರುಣಾ ನದಿ ಉಕ್ಕಿ ಕಟ್ಟಡಕ್ಕೆ ನುಗ್ಗಿ, ದಶಕಗಳ ಕಾಲ ಕೂಡಿಟ್ಟಿದ್ದ ಪ್ರಾಣಿ ಮಾದರಿಗಳನ್ನು ಅಪಾರವಾಗಿ ಹಾಳುಮಾಡಿತು. ಅದೇ ಅವಧಿಯಲ್ಲಿ ಹೋರಾ ಬಂಗಾಳ ಪ್ರಾಂತ್ಯದ ಮೀನುಗಾರಿಕೆ ನಿರ್ದೇಶಕರಾಗಿ ಕೆಲಸ ಮಾಡುತ್ತಿದ್ದರು. ಬಂಗಾಳದ 1943ರ ಮಹಾಕ್ಷಾಮದ ಹೊತ್ತಿಗೆ ಆ ಹುದ್ದೆಯಲ್ಲಿ ಕುಳಿತಿದ್ದವರ ಮೇಜಿಗೆ ಎಂತಹ ಕಡತಗಳು ಬಂದಿರಬಹುದೆಂದು ಊಹಿಸಿಕೊಳ್ಳಬಹುದು. ಶತ್ರುವಿನ ಕೈಗೆ ಸಿಗಬಾರದೆಂದು ಕರಾವಳಿ ಜಿಲ್ಲೆಗಳ ದೋಣಿಗಳನ್ನು ಸರ್ಕಾರವೇ ವಶಪಡಿಸಿಕೊಂಡಿತ್ತು ಅಥವಾ ನಾಶಮಾಡಿತ್ತು. ದೋಣಿಯಿಲ್ಲದ ಮೀನುಗಾರನಿಗೆ ನದಿ ತುಂಬಿದ್ದರೇನು, ಮೀನು ತುಂಬಿದ್ದರೇನು? ಆ ಕ್ಷಾಮದಲ್ಲಿ ಅತ್ಯಂತ ತೀವ್ರವಾಗಿ ನಲುಗಿದ ವೃತ್ತಿಗಳಲ್ಲಿ ಮೀನುಗಾರಿಕೆಯೂ ಒಂದೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಆಹಾರ ಇರುವುದು ಬೇರೆ, ಅದನ್ನು ಪಡೆಯುವ ಹಕ್ಕು ಇರುವುದು ಬೇರೆ ಎಂಬ ಸೇನ್ ಅವರ ಪ್ರಸಿದ್ಧ ವಾದಕ್ಕೆ ಬಂಗಾಳದ ಬೆಸ್ತನಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಈ ಹಿನ್ನೆಲೆಯಲ್ಲಿ ಹಿಲ್ಸಾ ಕುರಿತ ಟಿಪ್ಪಣಿಗೆ ಮರಳಿ ಬರೋಣ. ಬಂಗಾಳಿಗಳು ಇಲಿಶ್ ಎಂದೂ ಗೋದಾವರಿ ತೀರದವರು ಪುಲಸ ಎಂದೂ ಕರೆಯುವ ಈ ಮೀನು ಸಮುದ್ರದಲ್ಲಿ ಬೆಳೆದು, ಮಳೆಗಾಲದಲ್ಲಿ ನದಿ ಕೆಂಪಾಗಿ ಇಳಿಯುವಾಗ ಪ್ರವಾಹಕ್ಕೆ ಎದುರಾಗಿ ಸಿಹಿನೀರಿಗೆ ಏರಿ ಮೊಟ್ಟೆಯಿಡುತ್ತದೆ. ಮರಿಗಳು ಮತ್ತೆ ಸಮುದ್ರಕ್ಕೆ ಇಳಿಯುತ್ತವೆ. ಒಂದು ಕಾಲದಲ್ಲಿ ಗಂಗಾ-ಯಮುನೆಗಳಲ್ಲಿ ಅದು ಅಲಹಾಬಾದನ್ನು ದಾಟಿ ಆಗ್ರಾದವರೆಗೂ ಏರುತ್ತಿತ್ತು. ಇಂತಹ ಮೀನಿಗೆ ನದಿಗೆ ಅಡ್ಡಲಾಗಿ ಕಟ್ಟಿದ ಗೋಡೆಯೆಂದರೆ ಒಂದು ತಲೆಮಾರಿನ ಅಂತ್ಯ.

ಇದನ್ನು ಗಮನಿಸಿದವರಲ್ಲಿ ಹೋರಾ ಮೊದಲಿಗರೂ ಅಲ್ಲ. ಮದರಾಸು ಸೇನೆಯ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ 1873ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ಸಿಹಿನೀರಿನ ಮೀನುಗಾರಿಕೆಯ ವರದಿಯಲ್ಲಿ ಅಡ್ಡಕಟ್ಟೆಗಳು ಮೀನಿನ ಸಂಚಾರವನ್ನು ತಡೆಯುವುದನ್ನು ಎತ್ತಿ ಹೇಳಿದ್ದರು. ಅದೇ ವರ್ಷ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಬೇಟೆಯ ಪುಸ್ತಕ ಪ್ರಕಟಿಸಿದ ಎಚ್.ಎಸ್. ಥಾಮಸ್ ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಆ ಜಿಲ್ಲೆಯ ಮೀನುಗಳ ಸಂವರ್ಧನೆಯ ಬಗ್ಗೆ ವರದಿ ಬರೆದವರು. ಸಹಕಾರ ಸಂಘಗಳ ಪಿತಾಮಹನೆಂದು ನಾವು ನೆನೆಯುವ ಐಸಿಎಸ್ ಅಧಿಕಾರಿ ಸರ್ ಫ್ರೆಡರಿಕ್ ನಿಕಲ್ಸನ್ ಅವರೇ 1907ರಲ್ಲಿ ಮದರಾಸು ಮೀನುಗಾರಿಕೆ ಇಲಾಖೆಗೆ ಅಡಿಪಾಯ ಹಾಕಿದವರು. ಇವರ ಕಾಲದಿಂದಲೂ ಸೂಚಿಸಲಾಗುತ್ತಿದ್ದ ಪರಿಹಾರವೆಂದರೆ ಅಣೆಕಟ್ಟಿಗೆ ಮೀನೇಣಿ ಜೋಡಿಸುವುದು. ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿಗೆ ಅದು ಉಪಯೋಗವಾಗಿತ್ತು. ಆದರೆ ಸಾಲ್ಮನ್ ಎಗರುವ ಮೀನು, ಹಿಲ್ಸಾ ಎಗರುವುದಿಲ್ಲ. ಕೊಳ್ಳಿಡಂ ನದಿಯ ಕೆಳ ಅಣೆಕಟ್ಟಿನಲ್ಲಿ ಇಟ್ಟ ಮೀನೇಣಿಯನ್ನು ಹಿಲ್ಸಾ ಬಳಸಲಿಲ್ಲ. ಯಾವ ಮೀನು ಹೇಗೆ ಚಲಿಸುತ್ತದೆ ಎಂಬ ತಿಳಿವಳಿಕೆಯಿಲ್ಲದೆ ಪರದೇಶದ ನಕ್ಷೆ ತಂದರೆ ಆಗುವುದು ಇಷ್ಟೇ. ಹೋರಾ ಅವರ ತೊರೆಮೀನಿನ ಪ್ರಬಂಧಕ್ಕೂ ಅಣೆಕಟ್ಟಿನ ಟಿಪ್ಪಣಿಗೂ ಇರುವ ನಂಟು ಇಲ್ಲಿದೆ: ಮೀನಿನ ದೇಹರಚನೆಯನ್ನು ತಿಳಿಯದ ಎಂಜಿನಿಯರಿಂಗ್ ಕುರುಡು.

ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಿತು. ಮುಂದಿನ ಕೆಲವು ದಶಕಗಳಲ್ಲಿ ಕಾವೇರಿಯ ಹಿಲ್ಸಾ ಮೀನುಗಾರಿಕೆ ಹೆಚ್ಚುಕಡಿಮೆ ನಾಮಾವಶೇಷವಾಯಿತು. ಸ್ವಾತಂತ್ರ್ಯಾನಂತರದ ಯೋಜನಾಕಾರರ ಕಣ್ಣೆದುರಿಗೇ ಇದ್ದ ಪಾಠವದು. ಆದರೂ 1975ರಲ್ಲಿ ಫರಕ್ಕಾ ಬಂತು. ಎರಡು ಕಿಲೋಮೀಟರಿಗೂ ಉದ್ದವಾದ, ನೂರಕ್ಕೂ ಹೆಚ್ಚು ತೂಬುಗಳ ಈ ಬ್ಯಾರೇಜಿನ ಉದ್ದೇಶ ಕೃಷಿಯೂ ಅಲ್ಲ, ವಿದ್ಯುತ್ತೂ ಅಲ್ಲ; 40,000 ಕ್ಯೂಸೆಕ್ ನೀರನ್ನು ಹೂಗ್ಲಿಗೆ ತಿರುಗಿಸಿ ಕಲ್ಕತ್ತಾ ಬಂದರಿನ ಹೂಳನ್ನು ತೊಳೆಯುವುದು. ಹೂಳಿನ ಲೆಕ್ಕವೇ ತಪ್ಪೆಂದು ಬಂಗಾಳದ ಎಂಜಿನಿಯರ್ ಕಪಿಲ್ ಭಟ್ಟಾಚಾರ್ಯ ಎಚ್ಚರಿಸಿದ್ದರು; ಅವರಿಗೆ ದೊರೆತದ್ದು ನಿಂದೆ. ಬ್ಯಾರೇಜಿನಲ್ಲಿ ಮೀನು ದಾಟಲೆಂದು ವ್ಯವಸ್ಥೆ ಮಾಡಿದ್ದುಂಟು. ಅದರಿಂದ ಹಿಲ್ಸಾಗೆ ಪ್ರಯೋಜನವಾಗಲಿಲ್ಲ. ಬಿಹಾರ, ಉತ್ತರ ಪ್ರದೇಶಗಳ ಗಂಗೆಯಲ್ಲಿ ಹಿಲ್ಸಾ ಬಹುತೇಕ ಇಲ್ಲವಾಯಿತು. ಭಾಗಲ್ಪುರದ ಬಳಿ ಸುಲ್ತಾನ್‌ಗಂಜ್‌ನಿಂದ ಪೀರ್‌ಪೈಂತಿಯವರೆಗಿನ ಸುಮಾರು 80 ಕಿಲೋಮೀಟರ್ ಗಂಗೆ ಆಗ ಜಮೀನ್ದಾರರ ಖಾಸಗಿ ಸ್ವತ್ತಾಗಿತ್ತು. 1982ರಲ್ಲಿ ಕಹಲ್‌ಗಾಂವ್‌ನಲ್ಲಿ ಹುಟ್ಟಿದ ‘ಗಂಗಾ ಮುಕ್ತಿ ಆಂದೋಲನ’ ಆ ನೀರ ಜಮೀನ್ದಾರಿಯ ವಿರುದ್ಧ ಹೋರಾಡಿ 1991ರಲ್ಲಿ ಗೆದ್ದಿತು. ಆದರೆ ಗೆದ್ದ ನದಿಯಲ್ಲಿ ಬೆಲೆಬಾಳುವ ಮೀನು ಉಳಿದಿರಲಿಲ್ಲ. ಹಕ್ಕು ಬಂತು, ಹಿಲ್ಸಾ ಹೋಗಿತ್ತು.

ಅರ್ಥಶಾಸ್ತ್ರ ಓದಿದ ನನಗೆ ಇಲ್ಲಿ ಕಾಡುವ ಪ್ರಶ್ನೆ ಬೇರೆಯದೇ. ಸರ್ಕಾರಿ ಸೇವೆಯಲ್ಲಿದ್ದಾಗ ಜಲಾಶಯ ಯೋಜನೆಗಳ ಲಾಭ-ವೆಚ್ಚದ ತಖ್ತೆಗಳನ್ನು ನೋಡುವ ಸಂದರ್ಭಗಳು ಬಂದಿದ್ದವು. ಲಾಭದ ಪಟ್ಟಿಯಲ್ಲಿ ‘ಮೀನುಗಾರಿಕೆ’ ಎಂಬ ಬಾಬತ್ತು ಇರುತ್ತಿತ್ತು: ಜಲಾಶಯ ತುಂಬಿದ ಮೇಲೆ ಅದರಲ್ಲಿ ಕಟ್ಲಾ, ರೋಹು ಮರಿಗಳನ್ನು ಬಿಟ್ಟರೆ ವರ್ಷಕ್ಕೆ ಇಂತಿಷ್ಟು ಉತ್ಪನ್ನ. ವೆಚ್ಚದ ಪಟ್ಟಿಯಲ್ಲಿ ಮೀನಿನ ಹೆಸರು ಇರುತ್ತಿರಲಿಲ್ಲ. ಹರಿಯುವ ನದಿಯಲ್ಲಿ ಅದುವರೆಗೆ ಹಿಡಿಯುತ್ತಿದ್ದ ಮೀನಿಗೆ ಮಾರುಕಟ್ಟೆ ರಸೀದಿ ಇಲ್ಲ. ಹಿಡಿಯುತ್ತಿದ್ದವನಿಗೆ ಖಾತೆ-ಪಹಣಿ ಇಲ್ಲ. ದಾಖಲೆಯಿಲ್ಲದ ಆದಾಯ ಕಳೆದುಹೋದರೆ ಅದು ನಷ್ಟವೆಂದು ದಾಖಲಾಗುವುದೂ ಇಲ್ಲ. ಮುಳುಗಡೆಯಾದ ಹೊಲಕ್ಕೆ ಎಷ್ಟೇ ಕಡಿಮೆಯಾದರೂ ಒಂದು ದರವಿದೆ. ಅಣೆಕಟ್ಟಿನ ಮೇಲ್ಗಡೆ ನೂರಾರು ಮೈಲಿ ದೂರದಲ್ಲಿ ಬಲೆ ಬರಿದಾದವನಿಗೆ ಅರ್ಜಿ ಬರೆಯಲು ವಿಳಾಸವೇ ಇಲ್ಲ. ಕೋಲ್ಕತ್ತದ ಬಂದರಿಗೆ ದೊರೆತ ಲಾಭದ ವೆಚ್ಚವನ್ನು ಭರಿಸಿದವನು ಅಲಹಾಬಾದಿನ ಕೇವಟ. ಇದನ್ನು ಬಾಹ್ಯ ಪರಿಣಾಮವೆಂದು ನಮ್ಮ ಪಠ್ಯಪುಸ್ತಕಗಳು ಕರೆಯುತ್ತವೆ. ಅಲಹಾಬಾದಿನವನಿಗೆ ಅದು ಬಾಹ್ಯವಾಗಿರಲಿಲ್ಲ.

ಭಾರತ-ಬಾಂಗ್ಲಾದೇಶಗಳ ನಡುವೆ 1996ರ ಡಿಸೆಂಬರಿನಲ್ಲಿ ಆದ ಗಂಗಾ ಜಲ ಒಪ್ಪಂದದ ಅವಧಿ 30 ವರ್ಷ. ಜನವರಿಯಿಂದ ಮೇ ತಿಂಗಳವರೆಗೆ ಹತ್ತು ಹತ್ತು ದಿನಗಳ ಅವಧಿಗೆ ಯಾರಿಗೆ ಎಷ್ಟು ಕ್ಯೂಸೆಕ್ ಎಂದು ಅದರ ಅನುಬಂಧ ನಿಖರವಾಗಿ ಹೇಳುತ್ತದೆ. ಮಳೆಗಾಲದಲ್ಲಿ ನದಿಯೇರುವ, ಎರಡೂ ದೇಶಗಳ ಜನ ಹಬ್ಬದ ಊಟಕ್ಕೆ ಹಾತೊರೆಯುವ ಮೀನು ಆ ಅನುಬಂಧದ ಕಲಮುಗಳ ಆಚೆಗೇ ಉಳಿಯಿತು.

ಹೋರಾ 1947ರಲ್ಲಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾದರು. ನೆರೆಯಲ್ಲಿ ನೊಂದ ಸಂಸ್ಥೆಯನ್ನು ಮತ್ತೆ ಕಟ್ಟುವ ಹೊಣೆಯ ನಡುವೆಯೇ ಅವರು ಕೈಗೆತ್ತಿಕೊಂಡ ಮತ್ತೊಂದು ಕೆಲಸ ನಮ್ಮವರಿಗೆ ಹೆಚ್ಚು ಆಪ್ತವಾಗಬೇಕಾದದ್ದು. ಪ್ರಾಚೀನ ಭಾರತೀಯರ ಮತ್ಸ್ಯಜ್ಞಾನವನ್ನು ಕುರಿತು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಲೇಖನಮಾಲೆಯನ್ನೇ ಬರೆದರು. ಮೊದಲನೆಯದು, 1948ರಲ್ಲಿ, ಕೌಟಿಲ್ಯನ ಅರ್ಥಶಾಸ್ತ್ರದ ಬಗ್ಗೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸದಿದ್ದರೆ ಆ ಗ್ರಂಥ ಯಾರಿಗೂ ದಕ್ಕುತ್ತಿರಲಿಲ್ಲ. ಕಟ್ಟೆಗಳಲ್ಲಿನ ಮೀನಿನ ಒಡೆತನ ರಾಜನದೆಂದೂ ಮೀನುಗಾರರು ದೋಣಿಯ ಬಾಡಿಗೆಯಾಗಿ ಆರನೆಯ ಒಂದು ಪಾಲು ಕೊಡಬೇಕೆಂದೂ ಕೌಟಿಲ್ಯ ವಿಧಿಸಿದ್ದ. ಖಜಾನೆಯ ಕಣ್ಣಿಗೆ ಮೀನು ಬಿದ್ದದ್ದು ಎಷ್ಟು ಹಿಂದೆ ನೋಡಿ! ಎರಡನೆಯ ಲೇಖನ ಅಶೋಕನ ಐದನೆಯ ಸ್ತಂಭಶಾಸನದ್ದು. ಚಾತುರ್ಮಾಸ್ಯದ ಹುಣ್ಣಿಮೆಗಳ ಆಸುಪಾಸಿನಲ್ಲಿ ಮತ್ತು ಉಪೋಸಥದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂಬ ಆ ಶಾಸನದ ಕಟ್ಟಳೆಯನ್ನು ಹೋರಾ ಮೀನುಗಾರಿಕೆಯ ಕಾನೂನಾಗಿ ಓದಿದರು. ಧರ್ಮಬುದ್ಧಿಯ ಆಜ್ಞೆಯಲ್ಲಿ ಅವರು ಸಂಪನ್ಮೂಲ ರಕ್ಷಣೆಯ ನಿಯಮವನ್ನು ಕಂಡರೆಂಬುದು ಚರ್ಚಾಸ್ಪದವಿರಬಹುದು. ಓದು ಮಾತ್ರ ಸ್ವಾರಸ್ಯಕರ.

ಮೂರನೆಯದು ಕನ್ನಡ ನಾಡಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವಿದೆ. ಗಾಳ, ದಾರ, ಕೋಲುಗಳು ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರ ಉಣಿಸಬೇಕು ಎಂಬುದರ ಜೊತೆಗೆ ಮೀನುಗಳನ್ನು ಸಮುದ್ರದವು-ಸಿಹಿನೀರಿನವು, ಹುರುಪೆಯುಳ್ಳವು-ಇಲ್ಲದವು, ದೊಡ್ಡವು-ಚಿಕ್ಕವು ಎಂದು ವಿಂಗಡಿಸಿರುವುದು ಅಲ್ಲಿ ಕಾಣುತ್ತದೆ. ಇದನ್ನು 1951ರಲ್ಲಿ ವೈಜ್ಞಾನಿಕ ಜಗತ್ತಿನ ಗಮನಕ್ಕೆ ತಂದವರು ಹೋರಾ. ಬಸವಕಲ್ಯಾಣದಲ್ಲಿ ಕುಳಿತು ಬರೆದ ಗಾಳದ ಶಾಸ್ತ್ರವನ್ನು ನಮಗೆ ನೆನಪಿಸಲು ಪಂಜಾಬಿನವರೊಬ್ಬರು ಬೇಕಾದರು. ಮುನ್ನೆಲೆಗೆ ಬಂದ ಹಳೆಯದನ್ನೆಲ್ಲ ಹೊಗಳುವ ಚಾಳಿ ಅವರಿಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಗ್ರಂಥದ ಹೆಸರಿಗೂ ನದಿಯಲ್ಲಿರುವ ಮೀನಿಗೂ ತಾಳೆ ನೋಡುವುದು ಅವರ ಪದ್ಧತಿ.

ಹೆಸರಿನ ಪ್ರಶ್ನೆ ಕಡಿಮೆ ಮಹತ್ವದ್ದಲ್ಲವೆಂಬುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು 1946ರಲ್ಲಿ ಕಾವೇರಿ ಕಣಿವೆಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಗಾಳದವರ ಲೋಕದಲ್ಲಿ ದಂತಕಥೆ. ಬೆನ್ನಿನಲ್ಲಿ ಗೂನಿರುವ ಈ ದೈತ್ಯ ಮೀನು ಕಾವೇರಿಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಆದರೆ ಜಗತ್ತಿಗೆಲ್ಲ ಪರಿಚಿತವಾಗಿದ್ದ ಇದಕ್ಕೆ ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನ್ನಿನಿಂದ ವಿವರಿಸಿದ್ದ ‘ಮುಸುಲ್ಲಾ’ ಎಂಬ ಮೀನನ್ನು ಹೋರಾ 1943ರಲ್ಲಿ ಮಹಶೀರ್‌ಗಳ ಗುಂಪಿಗೆ ಸೇರಿಸಿದರು. ನಂತರದವರು ಆ ಹೆಸರನ್ನೇ ಕಾವೇರಿಯ ಗೂನುಬೆನ್ನಿನ ಮೀನಿಗೆ ಹಚ್ಚಿದರು. ಮುಸುಲ್ಲಾ ಮಹಶೀರ್ ಕುಲದ್ದೇ ಅಲ್ಲವೆಂದು ಮುಂದೆ ತಿಳಿಯಿತು. ದೊಡ್ಡವರ ಸಣ್ಣ ತಪ್ಪಿಗೂ ದೀರ್ಘಾಯುಷ್ಯವಿರುತ್ತದೆ.

ಇದೇ ಅವಧಿಯಲ್ಲಿ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಉತ್ಪಾದನಾ ಕೇಂದ್ರ ನೀಲಿ ರೆಕ್ಕೆಯ ಮಹಶೀರನ್ನು ಕೃತಕವಾಗಿ ಮರಿ ಮಾಡಿಸುವುದರಲ್ಲಿ ಯಶಸ್ವಿಯಾಗಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಆ ಮರಿಗಳು ಕಾವೇರಿಗೂ ಬಂದವು. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ ಎಂಬುದು ಸದುದ್ದೇಶದ ಕೆಲಸ. ಆದರೆ ಯಾವ ಮಹಶೀರ್? ಗಾಳದ ಶಿಬಿರಗಳಲ್ಲಿ ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಸಿಗುವ ಮೀನಿನ ಒಟ್ಟು ಸಂಖ್ಯೆ ಏರಿತ್ತು. ಅವುಗಳಲ್ಲಿ ನೀಲಿ ರೆಕ್ಕೆಯವು ತುಂಬಿಕೊಂಡು, ಕಾವೇರಿಯ ಮೂಲನಿವಾಸಿ ಗೂನುಬೆನ್ನಿನ ಮೀನು ಕ್ರಮೇಣ ಮಾಯವಾಗಿತ್ತು. ಒಟ್ಟು ಅಂಕಿಯನ್ನಷ್ಟೇ ನೋಡುವ ಅಧಿಕಾರಿಗೆ ಇದು ಯಶೋಗಾಥೆಯಾಗಿ ಕಂಡಿರುತ್ತದೆ. ಹೆಸರಿಲ್ಲದ ಜೀವಿಗೆ ಅಳಿವಿನಂಚಿನ ಕೆಂಪು ಪಟ್ಟಿಯಲ್ಲಿ ಜಾಗವೂ ಸಿಗುವುದಿಲ್ಲ. ಕೇರಳದಲ್ಲಿ ಕಾವೇರಿಯ ಕಣಿವೆಗೇ ಸೇರಿದ ಪಾಂಬಾರ್ ಹೊಳೆಯಿಂದ ವಿವರಿಸಲಾಗಿದ್ದ ‘ಟಾರ್ ರೇಮಾದೇವಿ’ಯೇ ಇದು ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ‘ತೀವ್ರ ಅಳಿವಿನಂಚಿನಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ನಾಮಕರಣವೂ ಮರಣಭೀತಿಯ ಘೋಷಣೆಯೂ ಒಟ್ಟೊಟ್ಟಿಗೆ ಬಂದವು.

ಜಾತಿ ಗುರುತಿಸುವ ವಿದ್ಯೆಗೆ ಇಂದಿನ ವಿಶ್ವವಿದ್ಯಾಲಯಗಳಲ್ಲಿ ಮನ್ನಣೆ ಕಡಿಮೆ. ಮೀನನ್ನು ಬಾಟಲಿಯಲ್ಲಿಟ್ಟು ಹುರುಪೆ ಎಣಿಸುವುದು ಹಳೆಗಾಲದ ಹವ್ಯಾಸವೆಂಬ ತಾತ್ಸಾರವಿದೆ. ಕಾವೇರಿಯ ಕಥೆ ನೋಡಿದರೆ, ಹುರುಪೆ ಎಣಿಸುವವರು ಸಾಲದೇ ಹೋದದ್ದೇ ನಿರ್ವಹಣೆಯ ವೈಫಲ್ಯಕ್ಕೆ ಕಾರಣವೆನಿಸುತ್ತದೆ. ಹೋರಾ ಅವರಲ್ಲಿ ಎರಡೂ ಒಂದೇ ಕೈಯಲ್ಲಿದ್ದವು. ಅವರು ಟಿ.ವಿ.ಆರ್. ಪಿಳ್ಳೆ ಅವರೊಡನೆ ಸಿದ್ಧಪಡಿಸಿದ ಮೀನು ಕೃಷಿಯ ಕೈಪಿಡಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1962ರಲ್ಲಿ ಹೊರತಂದಿತು. ಹೋರಾ ಅದನ್ನು ನೋಡಲಿಲ್ಲ; 1955ರ ಡಿಸೆಂಬರಿನಲ್ಲಿ, ಇನ್ನೂ ನಿರ್ದೇಶಕರಾಗಿದ್ದಾಗಲೇ, ತೀರಿಕೊಂಡಿದ್ದರು. ಕೇರಳದ ಬಾವಿಗಳಲ್ಲಿ ಸಿಗುವ ಕಣ್ಣಿಲ್ಲದ ಪುಟ್ಟ ಮೀನಿನ ಕುಲಕ್ಕೆ ‘ಹೋರಾಗ್ಲಾನಿಸ್’ ಎಂದು ಅವರ ಹೆಸರನ್ನೇ ಇಡಲಾಗಿದೆ.

ಹೋರಾ ಬರೆದ ಎಚ್ಚರಿಕೆಗಳಲ್ಲಿ ಇನ್ನೂ ಉಪಯೋಗಕ್ಕೆ ಬರಬಹುದಾದದ್ದು ಯಾವುದು ಎಂದರೆ, ಅದು ದೊಡ್ಡ ಅಣೆಕಟ್ಟುಗಳಿಗಿಂತ ಸಣ್ಣವಕ್ಕೆ ಸಂಬಂಧಿಸಿದ್ದೆಂದು ನನ್ನ ಅಭಿಪ್ರಾಯ. ಫರಕ್ಕಾವನ್ನು ಯಾರೂ ಒಡೆಯಲಾರರು. ಹೂಳಿನಿಂದ ನೆರೆ ಹೆಚ್ಚುತ್ತಿದೆಯೆಂದು 2016ರಲ್ಲಿ ಬಿಹಾರದ ಮುಖ್ಯಮಂತ್ರಿಯೇ ಅದನ್ನು ತೆಗೆಯಬೇಕೆಂದು ಕೇಳಿದ್ದರೂ ಏನೂ ಆಗಲಿಲ್ಲ. ಬ್ಯಾರೇಜಿನ ಕೆಳಗೆ ಹಿಡಿದ ಹಿಲ್ಸಾಗಳನ್ನು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮೇಲಕ್ಕೆ ಒಯ್ದು, ಕೆಲವಕ್ಕೆ ಗುರುತಿನ ಚೀಟಿ ಕಟ್ಟಿ ಬಿಡುತ್ತಿದ್ದಾರೆ. ಮೀನು ತಾನೇ ಮಾಡುತ್ತಿದ್ದ ಪ್ರಯಾಣವನ್ನು ಸರ್ಕಾರಿ ವೆಚ್ಚದಲ್ಲಿ ಮಾಡಿಸುವ ಪ್ರಯತ್ನವಿದು, ಇಷ್ಟಾದರೂ ನಡೆಯಲಿ.

ಆದರೆ ನಮ್ಮ ಪಶ್ಚಿಮ ಘಟ್ಟದ ಕಿರು ಜಲವಿದ್ಯುತ್ ಯೋಜನೆಗಳ ವಿಷಯ ಹಾಗಲ್ಲ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಯೋಜನೆಗಳಿಗೆ ಅಂದಾಜೇ ಬೇಕಿಲ್ಲ. ಚಿಕ್ಕದು ಎಂದರೆ ನಿರುಪದ್ರವಿ ಎಂಬ ಭಾವನೆ ಇದರ ಹಿಂದಿದೆ. ಇಂತಹ ಯೋಜನೆಗಳಲ್ಲಿ ತೊರೆಯ ನೀರನ್ನು ಕಾಲುವೆಗೋ ಕೊಳವೆಗೋ ತಿರುಗಿಸಿ, ಕೆಳಗಿನ ವಿದ್ಯುದಾಗಾರದ ಬಳಿ ಮತ್ತೆ ಹೊಳೆಗೆ ಬಿಡಲಾಗುತ್ತದೆ. ನಡುವಣ ಪಾತ್ರದಲ್ಲಿ ಬೇಸಗೆಯಲ್ಲಿ ಉಳಿಯುವುದು ಕಲ್ಲು ಮತ್ತು ಅಲ್ಲಲ್ಲಿ ನಿಂತ ಮಡು. ನೇತ್ರಾವತಿಯ ಮೇಲ್ದಂಡೆಯ ತೊರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಟ್ಟೆಯಿರುವ ಮತ್ತು ಇಲ್ಲದ ತೊರೆಗಳನ್ನು ಹೋಲಿಸಿ ನೋಡಿತು. ಕಟ್ಟೆಯಿಲ್ಲದಲ್ಲಿ ಮೀನಿನ ಜಾತಿಗಳು ಹೆಚ್ಚು. ಕಟ್ಟೆಯಿರುವಲ್ಲಿ ನೀರಿನ ಆಳ-ಅಗಲ, ಉಷ್ಣತೆ, ಕರಗಿದ ಆಮ್ಲಜನಕ ಎಲ್ಲವೂ ವ್ಯತ್ಯಾಸಗೊಂಡು ಮೀನಿನ ಸಮುದಾಯವೇ ಬದಲಾಗಿತ್ತು. ಬಂಡೆಗೆ ಎದೆಯೊತ್ತಿ ಸೆಳವಿನಲ್ಲಿ ನಿಲ್ಲಬಲ್ಲ ಮೀನಿಗೆ ಸೆಳವಿಲ್ಲದ ಬಂಡೆ ಏನಾದೀತೆಂಬುದನ್ನು ಹೋರಾ 1930ರಲ್ಲಿಯೇ ಚಿತ್ರಸಹಿತ ಬರೆದಿಟ್ಟಿದ್ದಾರೆ. 24.9 ಮೆಗಾವಾಟ್ ಎಂದು ನಮೂದಿಸಿದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿ ಅದನ್ನು ಓದಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.